ವೈಪರ್ ಬರೆದ ಮಳೆಯ ಲೆಕ್ಕ

ಪ್ರವಾಸ ಹೊರಟಾಗ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಬಹುತೇಕ ಎಲ್ಲರೂ ಆಡುವ ಮಾತು ಒಂದೇ: ‘ಎಲ್ಲ ಕೆಟ್ಟುಹೋಯಿತು’. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ನಮ್ಮಂಥ ಮೇಷ್ಟ್ರುಗಳಿಗಂತೂ ಇದು ಚೆನ್ನಾಗಿ ಗೊತ್ತು. ಜೋಗಕ್ಕೆ ಹೋದರೆ ಮಂಜು ಮುಸುಕಿ ಜಲಪಾತವೇ ಕಾಣುವುದಿಲ್ಲ. ಆಗುಂಬೆಗೆ ಹೋದರೆ ಸೂರ್ಯಾಸ್ತದ ಬದಲು ಛತ್ರಿಗಳು ಕಾಣುತ್ತವೆ. ಮಳೆ ಎಂದರೆ ನೋಡಬೇಕಾದದ್ದಕ್ಕೆ ಅಡ್ಡ ಬರುವ ಪರದೆ ಎಂದೇ ನಾವು ತಿಳಿದುಕೊಂಡಿರುತ್ತೇವೆ. ಆ ಪರದೆಯನ್ನೇ ನೋಡಲು ಒಂದು ಇಡೀ ದಿನ ಕಾರಿನಲ್ಲಿ ಅಲೆದ ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇನೆ.

2024ರ ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನಾಕೆ ಅಮೆರಿಕದ ಸಿಯಾಟಲ್‌ಗೆ ಹೋಗಿದ್ದೆವು. ಅಲ್ಲಿ ನನ್ನ ಅಕ್ಕನ ಮಗ ಸಂಸಾರ ಸಮೇತ ನೆಲೆಸಿದ್ದಾನೆ. ‘ಮಾವ, ಈ ಸಲ ಹೋಟೆಲು ಗೀಟೆಲು ಬೇಡ, ಮನೆಯನ್ನೇ ಹೊತ್ತುಕೊಂಡು ಹೋಗೋಣ’ ಎಂದು ಅವನು ಒಂದು ಮೋಟರ್‌ಹೋಮ್ ಬಾಡಿಗೆಗೆ ತಂದ. ನಮ್ಮ ಮಿನಿ ಬಸ್ಸಿನ ಗಾತ್ರದ ವಾಹನ. ಒಳಗೆ ಮಲಗಲು ಜಾಗ, ಅಡುಗೆ ಕಟ್ಟೆ, ಬಚ್ಚಲು ಎಲ್ಲವೂ ಇದ್ದವು. ಅದನ್ನು ಅವನು ಓಡಿಸುತ್ತಿದ್ದ. ಅವನ ಹೆಂಡತಿ ಮನೆಯ ಕಾರನ್ನು ಹಿಂದೆ ತರುತ್ತಿದ್ದಳು. ಎರಡು ವಾಹನ ಯಾಕಪ್ಪ ಎಂದು ಕೇಳಿದ್ದಕ್ಕೆ, ‘ಮನೆಯನ್ನು ಒಂದು ಕಡೆ ಕಟ್ಟಿಹಾಕಿ ಊರು ತಿರುಗೋಕೆ ಕಾರು ಬೇಕು ಮಾವ. ಈ ಆನೆಯನ್ನು ಎಲ್ಲ ಕಡೆ ನುಗ್ಗಿಸೋಕಾಗಲ್ಲ’ ಎಂದ. ಮಾತು ಸರಿಯಾಗಿತ್ತು. ಕಾಡಿನ ಕಿರಿದಾದ ದಾರಿಗಳಲ್ಲಿ ಆ ಗಾತ್ರದ ವಾಹನವನ್ನು ತಿರುಗಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ.

ಮೋಟರ್‌ಹೋಮ್ ಎಂದರೆ ವಿಜ್ಞಾನ ಮೇಷ್ಟರ ಪಾಲಿಗೆ ಚಕ್ರವಿರುವ ಒಂದು ಪ್ರಯೋಗಶಾಲೆ. ಅದರ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಕುಡಿಯುವ ನೀರಿಗೆ ಒಂದು, ಪಾತ್ರೆ ತೊಳೆದ ಮತ್ತು ಸ್ನಾನದ ನೀರಿಗೆ ಒಂದು, ಪಾಯಿಖಾನೆಯದಕ್ಕೆ ಇನ್ನೊಂದು. ಯಾವುದರಲ್ಲಿ ಎಷ್ಟಿದೆ ಎಂಬುದನ್ನು ಗೋಡೆಯ ಮೇಲಿನ ಪುಟ್ಟ ದೀಪಗಳು ತೋರಿಸುತ್ತವೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದಷ್ಟೇ ಗೊತ್ತಿರುವ ಮಕ್ಕಳಿಗೆ, ನೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಬೇಕಾದ ವಸ್ತು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣವಿಲ್ಲ. ನನಗೆ ಬಹಳ ಹಿಡಿಸಿದ್ದು ಅದರ ತಂಗಳು ಪೆಟ್ಟಿಗೆ. ಅದು ಅಡುಗೆ ಅನಿಲದ ಉರಿಯಿಂದ ತಣ್ಣಗಾಗುತ್ತದೆ! ಉರಿಯ ಶಾಖದಿಂದ ಅಮೋನಿಯಾ ನೀರಿನಿಂದ ಬೇರ್ಪಟ್ಟು ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ತಿರುಗುವ ಭಾಗ ಒಂದೂ ಇಲ್ಲ. 1922ರಲ್ಲಿ ಇದನ್ನು ರೂಪಿಸಿದವರು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಅದರೊಳಗಿನ ದ್ರವ ತನ್ನ ತೂಕದಿಂದಲೇ ಕೆಳಗೆ ಹರಿಯಬೇಕಾದ್ದರಿಂದ ವಾಹನ ಓರೆಯಾಗಿ ನಿಂತರೆ ಹಾಲು ಕೆಡುತ್ತದೆ. ಅದಕ್ಕೇ ನಮ್ಮ ಹುಡುಗ ಎಲ್ಲಿ ನಿಲ್ಲಿಸಿದರೂ ಮೊದಲು ಗಾರೆ ಕೆಲಸದವರ ಹಾಗೆ ರಸಮಟ್ಟ ಹಿಡಿದು ನೋಡುತ್ತಿದ್ದ.

ಸಿಯಾಟಲ್ಲಿನ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡಂತೆ ಒಲಿಂಪಿಕ್ ಪರ್ಯಾಯ ದ್ವೀಪವಿದೆ. ಅದರ ನಡುವೆ ಒಲಿಂಪಿಕ್ ಪರ್ವತಗಳು ನಿಂತಿವೆ. ಅತಿ ಎತ್ತರದ ಮೌಂಟ್ ಒಲಿಂಪಸ್ 2432 ಮೀಟರ್, ಎಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 500 ಮೀಟರ್ ಹೆಚ್ಚು. 1938ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪರ್ವತದ ಪಶ್ಚಿಮದಲ್ಲಿ ಫೋರ್ಕ್ಸ್ ಎಂಬ ಪುಟ್ಟ ಊರಿದೆ. ಮರ ಕಡಿಯುವ ಕಸುಬಿನಿಂದ ಬೆಳೆದ ಊರು. 2005ರಲ್ಲಿ ಪ್ರಕಟವಾದ ‘ಟ್ವೈಲೈಟ್’ ಕಾದಂಬರಿಯ ಕಥೆ ನಡೆಯುವುದು ಇಲ್ಲಿಯೇ. ಬಿಸಿಲು ಕಾಣದ, ಮಳೆ ಬಿಡದ ಊರೊಂದು ಲೇಖಕಿಗೆ ಬೇಕಾಗಿತ್ತಂತೆ. ಅಂಥ ಊರಿನ ಕ್ಯಾಂಪಿನಲ್ಲಿ ನಾವು ಮನೆಯನ್ನು ಕಟ್ಟಿಹಾಕಿದ್ದೆವು. ಹೀಗಾಗಿ ಮೇ ತಿಂಗಳ ಆ ಬೆಳಿಗ್ಗೆ ತಗಡಿನ ಚಾವಣಿಯ ಮೇಲೆ ಮಳೆ ತಮಟೆ ಬಾರಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಆಶ್ಚರ್ಯವಿರಲಿಲ್ಲ, ಆದರೆ ಬೇಸರವಿತ್ತು. ನಮ್ಮ ಹುಡುಗನ ಮಗಳು ಪುಟ್ಟಿಗೆ ಹನ್ನೊಂದು ವರ್ಷ. ಅಂದು ಸಮುದ್ರ ತೀರಕ್ಕೆ ಹೋಗಿ ಮರಳಿನಲ್ಲಿ ಆಡುವುದೆಂದು ವಾರದಿಂದ ಲೆಕ್ಕ ಹಾಕಿದ್ದ ಮಗು. ಅದು ಮೂಲೆಯಲ್ಲಿ ಕಾಲು ಮಡಿಸಿ ಕುಳಿತು, ‘ದಿಸ್ ಟ್ರಿಪ್ ಈಸ್ ಓವರ್’ ಎಂದು ತೀರ್ಪು ಕೊಟ್ಟಿತು. ಅದರ ಅಪ್ಪ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡು, ‘ಇವತ್ತು ಒಳಗೇ ಇರೋಣ ಮಾವ’ ಎಂದ. ಆಕ್ಷೇಪಣೆ ಬಂದದ್ದು ನನ್ನಾಕೆಯಿಂದ. ಅವಳು ತೀರ್ಥಹಳ್ಳಿಯ ಕಡೆಯವಳು. ಕಿಟಕಿಯಿಂದ ಹೊರಗೆ ಕೈ ಚಾಚಿ ನೋಡಿ, ‘ಇದಕ್ಕೆ ಮಳೆ ಅಂತೀರಾ? ನಮ್ಮಲ್ಲಿ ಇಷ್ಟಕ್ಕೆ ಗೊರಬನ್ನೂ ಹಾಕಲ್ಲ’ ಎಂದು ನಕ್ಕಳು. ನಾನು ಚಳ್ಳಕೆರೆ ಸೀಮೆಯವನು. ಮಳೆ ಬಿದ್ದರೆ ಒಳಗೆ ಕೂರುವ ಅಭ್ಯಾಸ ನಮ್ಮ ಕಡೆ ಇಲ್ಲ. ಅಂಗಳಕ್ಕೆ ಬಂದು ನೋಡುವುದೇ ಅಭ್ಯಾಸ. ಒಟ್ಟಿನಲ್ಲಿ ಅವಲಕ್ಕಿ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಐವರೂ ಕಾರು ಹತ್ತಿದೆವು.

ಮೊದಲು ಹೋದದ್ದು ಫೋರ್ಕ್ಸ್‌ನಿಂದ ಸುಮಾರು 50 ಕಿಲೋಮೀಟರ್ ದೂರದ ಹೋ ಮಳೆಕಾಡಿಗೆ. ಹೋ ಎಂಬುದು ಅಲ್ಲಿನ ನದಿಯ ಹೆಸರು. ಅಲ್ಲಿನ ಮೂಲ ನಿವಾಸಿ ಜನರ ಹೆಸರೂ ಅದೇ. ವರ್ಷಕ್ಕೆ ಸುಮಾರು 140 ಅಂಗುಲ, ಎಂದರೆ 3500 ಮಿಲಿಮೀಟರ್ ಮಳೆ ಬೀಳುವ ಕಣಿವೆ ಅದು. ಮಳೆಕಾಡು ಎಂದರೆ ಸಮಭಾಜಕದ ಬಳಿಯ ಬಿಸಿ ಕಾಡು ಎಂದೇ ಮಕ್ಕಳ ಮನಸ್ಸಿನಲ್ಲಿರುತ್ತದೆ. ಇದು ತಂಪು ನಾಡಿನ ಮಳೆಕಾಡು. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳು ಕತ್ತೆತ್ತಿ ನೋಡಿದರೂ ತುದಿ ಕಾಣದಷ್ಟು ಎತ್ತರ. ಕೆಲವು 90 ಮೀಟರ್ ತಲುಪುತ್ತವೆ. ‘ಹಾವಸೆಯ ಹಜಾರ’ ಎಂಬ ಅರ್ಥ ಬರುವ ಹೆಸರಿನ ಕಾಲುದಾರಿಯೊಂದು ಸುಮಾರು 1.3 ಕಿಲೋಮೀಟರ್ ಸುತ್ತಿಕೊಂಡು ಬರುತ್ತದೆ. ಅಲ್ಲಿ ಮೇಪಲ್ ಮರಗಳ ಕೊಂಬೆ ಕೊಂಬೆಗೂ ಹಸಿರು ಹಾವಸೆ ಗಡ್ಡದಂತೆ ಜೋತಾಡುತ್ತಿತ್ತು. ಬಿಸಿಲಿನಲ್ಲಿ ಈ ಕಾಡು ಹೇಗಿರುತ್ತದೋ, ಮಳೆಯಲ್ಲಿ ಮಾತ್ರ ಅದರ ಹಸಿರು ಒಳಗಿನಿಂದ ದೀಪ ಹಚ್ಚಿದಂತಿತ್ತು. ‘ನಮ್ಮ ಅಡಿಕೆ ಮರಕ್ಕೆ ಹಿಡಿಯೋ ಪಾಚಿಯ ದೊಡ್ಡಣ್ಣ ಇದು’ ಎಂದಳು ನನ್ನಾಕೆ.

ಅಲ್ಲಿ ಪುಟ್ಟಿಗೆ ಒಂದು ಕಥೆ ಹೇಳಿದೆ. ಈ ಹಾವಸೆ ಮರದ ರಸ ಹೀರುವುದಿಲ್ಲ, ಮರ ಅದಕ್ಕೆ ಬರೀ ಕೂರುವ ಮಣೆ. ಮಳೆ, ಗಾಳಿಗಳಿಂದಲೇ ಅದರ ಜೀವನ. ವರ್ಷಗಟ್ಟಲೆ ಬೆಳೆದು ಸತ್ತು ಕೊಂಬೆಯ ಮೇಲೆ ಅದು ಮಣ್ಣಿನ ಮೆತ್ತೆಯನ್ನೇ ಕಟ್ಟುತ್ತದೆ. ಭಾರತೀಯ ತಂದೆಯ ಮಗಳಾದ ನಳಿನಿ ನಾಡಕರ್ಣಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಇಂಥ ಮರಗಳನ್ನು ಹಗ್ಗ ಕಟ್ಟಿ ಹತ್ತಿ, ಆ ಮೆತ್ತೆಯನ್ನು ಎತ್ತಿ ನೋಡಿದರು. ಮೇಪಲ್ ಮರ ತನ್ನ ಕೊಂಬೆಯಿಂದಲೇ ಬೇರುಗಳನ್ನು ಬಿಟ್ಟು ಆ ಮೆತ್ತೆಯೊಳಗಿನ ಸತ್ವವನ್ನು ಪಡೆಯುತ್ತಿತ್ತು! 1981ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಸಾವಿರಾರು ಜನ ಕೆಳಗಿನಿಂದ ನೋಡಿ ಹೋದ ಮರ. ಹತ್ತಿ ನೋಡಿದವರಿಗೆ ಬೇರೆಯದೇ ಕಂಡಿತು. ಪುಟ್ಟಿ ಮೊದಲ ಬಾರಿಗೆ ಟೋಪಿ ಹಿಂದಕ್ಕೆ ಸರಿಸಿ ಮೇಲೆ ನೋಡಿದಳು. ಮುಖದ ಮೇಲೆ ಮಳೆ ಬಿದ್ದರೂ ಗೊಣಗಲಿಲ್ಲ.

ಕಾರಿಗೆ ಮರಳಿದಾಗ ವೈಪರ್ ಪೂರ್ತಿ ವೇಗದಲ್ಲಿ ಬಡಿದುಕೊಳ್ಳುತ್ತಿತ್ತು. ಅದನ್ನು ನೋಡುತ್ತಾ ಒಂದು ಯೋಚನೆ ಬಂತು. ‘ಪುಟ್ಟಿ, ಇದೂ ಒಂದು ಮಳೆಮಾಪಕ. ಇವತ್ತು ಇದರ ಲೆಕ್ಕ ಇಡ್ತೀಯಾ?’ ಎಂದೆ. ವೈಪರ್ ನಿಂತಿದ್ದರೆ ಸೊನ್ನೆ. ಬಿಟ್ಟು ಬಿಟ್ಟು ಆಡಿದರೆ ಒಂದು, ನಿಧಾನಕ್ಕೆ ಎರಡು, ಜೋರಾಗಿ ಓಡಿದರೆ ಮೂರು. ಅವಳು ನೋಟ್‌ಬುಕ್ ತೆಗೆದು ಎರಡು ಗೆರೆ ಎಳೆದಳು. ಅಡ್ಡಗೆರೆಗೆ ದೂರ, ಉದ್ದಗೆರೆಗೆ ವೈಪರ್. ಆದರೆ ಒಂದು ತೊಡಕಿತ್ತು. ಕಾರು ಜೋರಾಗಿ ಹೋದಷ್ಟೂ ಗಾಜಿಗೆ ಹೆಚ್ಚು ಹನಿ ಬಡಿಯುತ್ತವೆ. ಆಗ ಅದು ಮಳೆಯ ಲೆಕ್ಕವಾಗದೆ ಅವಳಪ್ಪನ ಅವಸರದ ಲೆಕ್ಕವಾಗುತ್ತದೆ. ಅದಕ್ಕಾಗಿ ಕಾರು ನಿಂತಾಗ ಮಾತ್ರ, ಒಂದು ನಿಮಿಷ ನೋಡಿ ಅಂಕ ಬರೆಯುವುದೆಂದು ಕರಾರು ಮಾಡಿಕೊಂಡೆವು. ನಮ್ಮ ಹುಡುಗ ‘ಈಗ ನಾನು ಡ್ರೈವರ್ ಅಲ್ಲ, ಲ್ಯಾಬ್ ಅಸಿಸ್ಟೆಂಟು’ ಎಂದು ನಗುತ್ತಾ ಹೇಳಿದಲ್ಲೆಲ್ಲಾ ನಿಲ್ಲಿಸಿದ.

ಹೋ ಕಾಡಿನ ವಾಹನ ನಿಲ್ದಾಣದಲ್ಲಿ ಮೂರು. ಫೋರ್ಕ್ಸ್‌ನಲ್ಲಿ ಮೂರು. ಅಲ್ಲಿಂದ 101ನೇ ಹೆದ್ದಾರಿ ಉತ್ತರಕ್ಕೆ ಹೋಗಿ ಪೂರ್ವಕ್ಕೆ ತಿರುಗುತ್ತದೆ. ತಿರುವಿನ ಬಳಿ ಎರಡು. ಮುಂದೆ ಕ್ರೆಸೆಂಟ್ ಸರೋವರ ಬಂತು. ಹಿಮನದಿ ಕೊರೆದ ಸುಮಾರು 190 ಮೀಟರ್ ಆಳದ ಸರೋವರ. ನೀರಿನಲ್ಲಿ ಸಾರಜನಕದ ಸತ್ವ ಕಡಿಮೆಯಿರುವುದರಿಂದ ಪಾಚಿ ಬೆಳೆಯುವುದಿಲ್ಲ. ಅದಕ್ಕೇ ಅಷ್ಟು ತಿಳಿ. ಅಲ್ಲಿಯೂ ಮೊದಲು ಎರಡು, ಸರೋವರದ ಪೂರ್ವದ ತುದಿಯಲ್ಲಿ ಒಂದು.

ನಂತರ ಎಲ್ವಾ ನದಿ ದಾಟಿದೆವು. ಈ ನದಿಗೆ 1913ರಲ್ಲಿ ಒಂದು, 1927ರಲ್ಲಿ ಒಂದು ಅಣೆಕಟ್ಟು ಕಟ್ಟಿದ್ದರು. ಸಮುದ್ರದಿಂದ ಮೇಲೇರಿ ಬಂದು ಮೊಟ್ಟೆಯಿಡುವ ಸಾಲ್ಮನ್ ಮೀನುಗಳ ದಾರಿ ಮುಚ್ಚಿಹೋಯಿತು. ಆ ಮೀನನ್ನೇ ನಂಬಿದ್ದ ಕ್ಲಾಲಂ ಜನರ ಬದುಕೂ ಬಡವಾಯಿತು. 2011ರಿಂದ 2014ರ ನಡುವೆ ಎರಡೂ ಅಣೆಕಟ್ಟುಗಳನ್ನು ಒಡೆದು ತೆಗೆದರು. ಮೀನುಗಳು ಮರಳಿ ಬಂದವು. ಅಣೆಕಟ್ಟಿಗಾಗಿ ಅರ್ಜಿ ಹಿಡಿದು ಅಲೆಯುವ ಊರಿನಿಂದ ಬಂದ ನನಗೆ, ಅಣೆಕಟ್ಟು ತೆಗೆದದ್ದಕ್ಕೆ ಸಂತೋಷಪಡುವ ಊರೂ ಇದೆ ಎಂಬುದು ಹೊಸ ನೋಟವೇ ಸರಿ. ನೀರಿನ ಪ್ರಶ್ನೆಗೆ ಎಲ್ಲ ಊರಿಗೂ ಹೊಂದುವ ಒಂದೇ ಉತ್ತರ ಇಲ್ಲವೆಂದು ಕಾಣುತ್ತದೆ.

ಪೋರ್ಟ್ ಏಂಜಲಿಸ್ ಎಂಬ ಬಂದರು ಊರಿನಲ್ಲಿ ಪುಟ್ಟಿ ‘ಒಂದು ಬರೀಲೋ ಸೊನ್ನೆ ಬರೀಲೋ’ ಎಂದು ಕೇಳಿದಳು. ಅಲ್ಲಿಂದ ಇನ್ನೊಂದು 27 ಕಿಲೋಮೀಟರ್ ಹೋಗುವಷ್ಟರಲ್ಲಿ ರಸ್ತೆ ಒಣಗಿತ್ತು. ಮೋಡದ ನಡುವೆ ನೀಲಿ ಆಕಾಶ ಕಿಂಡಿ ತೆರೆದಿತ್ತು. ಆ ಊರಿನ ಹೆಸರು ಸ್ಕ್ವಿಮ್. ಇಂಗ್ಲಿಷ್ ಕಾಗುಣಿತ ನೋಡಿದರೆ ಎರಡು ಉಚ್ಚಾರಾಂಶ, ಊರಿನವರ ಬಾಯಲ್ಲಿ ಒಂದೇ. ಎಲ್ಲೆಲ್ಲೂ ಮೋಡ ಕವಿದಾಗಲೂ ಈ ಊರಿನ ಮೇಲೆ ಕಾಣುವ ತೆರಪಿಗೆ ವಿಮಾನ ಹಾರಿಸುವವರು ‘ನೀಲಿ ಕಿಂಡಿ’ ಎಂದೇ ಹೆಸರಿಟ್ಟಿದ್ದಾರೆ. ವರ್ಷದ ಮಳೆ ಕೇವಲ 16 ಅಂಗುಲ, ಸುಮಾರು 400 ಮಿಲಿಮೀಟರ್. ನಾವು ಬೆಳಿಗ್ಗೆ ನೆನೆದ ಹೋ ಕಾಡಿನಿಂದ ಇಲ್ಲಿಗೆ ಕಾಗೆ ಹಾರಿದಂತೆ ಅಳೆದರೆ 70 ಕಿಲೋಮೀಟರೂ ಇಲ್ಲ. ಮಳೆ ಮಾತ್ರ ಒಂಬತ್ತನೇ ಒಂದು ಪಾಲು. ಪಾಪಾಸುಕಳ್ಳಿಯ ಜಾತಿಗೆ ಸೇರಿದ ಒಂದು ಪುಟ್ಟ ಕಳ್ಳಿಯೂ ಈ ಭಾಗದಲ್ಲಿ ತಾನಾಗಿ ಬೆಳೆಯುತ್ತದೆಂದರೆ ನಮ್ಮ ಓದುಗರಿಗೆ ಆ ಒಣ ಹವೆಯ ಅಂದಾಜು ಸಿಕ್ಕೀತು.

ಗೆರೆ ಮೂರರಿಂದ ಸೊನ್ನೆಗೆ ಇಳಿದಿತ್ತು. ನಾನು ಖುಷಿಯಿಂದ ಪಾಠ ಶುರು ಮಾಡಬೇಕೆನ್ನುವಷ್ಟರಲ್ಲಿ ಪುಟ್ಟಿ ಕೇಳಿದಳು: ‘ತಾತ, ನಾವು ಬರೋ ಹೊತ್ತಿಗೆ ಎಲ್ಲಾ ಕಡೆ ಮಳೆ ನಿಂತಿರಬಹುದಲ್ಲ? ಇದು ಜಾಗದ ಲೆಕ್ಕಾನೋ, ಟೈಮಿನ ಲೆಕ್ಕಾನೋ?’

ಮೇಷ್ಟ್ರ ಕೆಲಸದಲ್ಲಿ ಸಂಬಳದ ದಿನಕ್ಕಿಂತ ಸಂತೋಷ ಕೊಡುವ ಕ್ಷಣಗಳು ಕೆಲವು ಇವೆ. ಅದು ಅಂಥದ್ದು. ಉತ್ತರ ಹೇಳಲಿಲ್ಲ. ‘ಹೇಗೆ ಗೊತ್ತು ಮಾಡ್ಕೊಳ್ಳೋದು?’ ಎಂದು ತಿರುಗಿ ಕೇಳಿದೆ. ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿ, ‘ವಾಪಸ್ ಹೋಗ್ತಾ ಮತ್ತೆ ಬರೀತೀನಿ’ ಎಂದಳು.

ಊಟಕ್ಕೆ ಕುಳಿತಾಗ ಅವಲಕ್ಕಿ ತಟ್ಟೆಯ ಪಕ್ಕದಲ್ಲೇ ಪಾಠ ನಡೆಯಿತು. ಸಾಗರದಿಂದ ನೀರಾವಿ ಹೊತ್ತ ಗಾಳಿ ನೈಋತ್ಯದಿಂದ ಬಂದು ಪರ್ವತಕ್ಕೆ ಡಿಕ್ಕಿ ಹೊಡೆಯುತ್ತದೆ. ಮುಂದೆ ಹೋಗಬೇಕಾದರೆ ಮೇಲೇರಬೇಕು. ಮೇಲೇರಿದಷ್ಟೂ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣಿಯುತ್ತದೆ. ತಣಿದಾಗ ಆವಿ ಸಾಂದ್ರೀಕರಿಸಿ ಮೋಡವಾಗಿ ಮಳೆ ಸುರಿಯುತ್ತದೆ. ಒಣ ಗಾಳಿಯಾದರೆ ಕಿಲೋಮೀಟರ್ ಎತ್ತರಕ್ಕೆ ಸುಮಾರು 10 ಡಿಗ್ರಿ ತಣಿಯುತ್ತದೆ. ಮಳೆ ಸುರಿಸುತ್ತಾ ಏರುವ ಗಾಳಿ ಸುಮಾರು 6 ಡಿಗ್ರಿ ಮಾತ್ರ ಕಳೆದುಕೊಳ್ಳುತ್ತದೆ, ಏಕೆಂದರೆ ಆವಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಆಚೆ ಬದಿಗೆ ಇಳಿಯುವಾಗ ಅದೇ ಗಾಳಿ ಕಿಲೋಮೀಟರಿಗೆ 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಆರು ಕೊಟ್ಟು ಹತ್ತು ಪಡೆಯುವ ಈ ವ್ಯಾಪಾರದಲ್ಲಿ ಆಚೆಯ ಊರಿಗೆ ಸಿಗುವುದು ಬೆಚ್ಚಗಿನ ಒಣ ಗಾಳಿ. ಇದ್ದ ಅಲ್ಪಸ್ವಲ್ಪ ಮೋಡವೂ ಕರಗಿಹೋಗುತ್ತದೆ. ಇದೇ ಮಳೆ ನೆರಳು.

‘ಇಂಡಿಯಾದಲ್ಲೂ ಇದ್ಯಾ?’ ಎಂದಳು ಪುಟ್ಟಿ. ನನ್ನಾಕೆ ನನ್ನ ಮುಖ ನೋಡಿದಳು. ‘ಅಜ್ಜಿ ಇದ್ದದ್ದು ಹೋ ಕಾಡಿನ ಕಡೆ. ತಾತ ಇರೋದು ಸ್ಕ್ವಿಮ್‌ನಲ್ಲಿ’ ಎಂದು ಅವಳೇ ಉತ್ತರ ಹೇಳಿದಳು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಒಳಗಿರುವ ನಮ್ಮ ಚಳ್ಳಕೆರೆಗೆ 500 ಮಿಲಿಮೀಟರಿನ ಆಸುಪಾಸು. ಚಿತ್ರ ಒಂದೇ, ಬೆಟ್ಟದ ಹೆಸರು ಬೇರೆ.

ನನ್ನ ಮನಸ್ಸು ಆಗ ಒಂದು ಉತ್ತರ ಪತ್ರಿಕೆಯ ಕಡೆ ಹೋಯಿತು. ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸಮಾಜವನ್ನೂ ಆಗಾಗ ತೆಗೆದುಕೊಳ್ಳಬೇಕಾಗುತ್ತದೆ. 2018ರಲ್ಲಿ ಹಾಗೆ ಪಾಠ ಮಾಡಿ, ಮಳೆ ನೆರಳಿನ ಬಗ್ಗೆ ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ಬೆಟ್ಟ, ಗಾಳಿ, ಮೋಡ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು, ನೆರಳಿನ ಬದಿಯಲ್ಲಿ ಕೇಳದೇ ಇದ್ದ ಒಂದು ಪುಟ್ಟ ಮನೆಯನ್ನೂ ಬರೆದಿದ್ದ. ಪಕ್ಕದಲ್ಲಿ ‘ನಮ್ಮ ಮನೆ’ ಎಂದು ಹೆಸರು. ಎರಡಕ್ಕೆ ಎರಡು ಅಂಕ ಕೊಟ್ಟೆ. ಆ ವರ್ಷ ನಮ್ಮಲ್ಲಿ ಬರ. ಬಿತ್ತಿದ ಶೇಂಗಾ ಮೇಲೇಳಲಿಲ್ಲ. ದಸರಾ ರಜೆ ಮುಗಿದ ಮೇಲೆ ಆ ಹುಡುಗ ಬರಲಿಲ್ಲ. ವಿಚಾರಿಸಿದರೆ, ಅಪ್ಪ ಅಮ್ಮನ ಜೊತೆ ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದನೆಂದು ತಿಳಿಯಿತು. ತಾನೇ ಬರೆದ ಚಿತ್ರದಲ್ಲಿ ನೆರಳಿನ ಬದಿಯಿಂದ ಮಳೆಯ ಬದಿಗೆ ಹೋಗಿಬಿಟ್ಟಿದ್ದ. ಪಾಠ ಪುಸ್ತಕದಲ್ಲಿ ಬಾಣದ ಗುರುತು ಗಾಳಿಗೆ ಮಾತ್ರ ಇರುತ್ತದೆ, ಮನುಷ್ಯರಿಗೆ ಇರುವುದಿಲ್ಲ.

ಅದಕ್ಕಾಗಿಯೇ ಸ್ಕ್ವಿಮ್ ಊರನ್ನು ನಾನು ಬರೀ ನೋಡಲಿಲ್ಲ, ವಿಚಾರಿಸಿದೆ. ನಮಗಿಂತ ಕಡಿಮೆ ಮಳೆ ಬೀಳುವ ಈ ಊರಿನಲ್ಲಿ ಜನ ಗುಳೆ ಹೋಗುವುದಿಲ್ಲವೇಕೆ? ಬದಲಿಗೆ ವಯಸ್ಸಾದವರು ಬಿಸಿಲಿಗಾಗಿ ಇಲ್ಲಿಗೇ ಬಂದು ನೆಲೆಸುತ್ತಾರೆ. ಲ್ಯಾವೆಂಡರ್ ಗಿಡಗಳನ್ನು ಸಾಲು ಸಾಲಾಗಿ ಬೆಳೆಯುತ್ತಾರೆ. ನಾವು ಹೋದಾಗ ಹೂ ಬಿಟ್ಟಿರಲಿಲ್ಲ, ಬೂದು ಹಸಿರಿನ ಗುಡ್ಡೆಗಳಂತಿದ್ದವು. ಜುಲೈಗೆ ಹೊಲವೆಲ್ಲ ನೇರಳೆಯಾಗುತ್ತದಂತೆ. ಇದರ ಹಿಂದೆ ಒಂದು ಕಾಲುವೆಯಿದೆ. 1895ರಲ್ಲಿ ಇಲ್ಲಿನ ರೈತರು ಸೇರಿ ಡಂಜನೆಸ್ ನದಿಯಿಂದ ಒಣ ಬಯಲಿಗೆ ನೀರು ತಂದರು. ಮರುವರ್ಷ, 1896ರಲ್ಲಿ, ಆ ನೀರಿನ ನೆನಪಿಗೆ ಒಂದು ಹಬ್ಬ ಮಾಡಿದರು. ಆ ನೀರಾವರಿ ಹಬ್ಬ ಇಂದಿಗೂ ಮೇ ತಿಂಗಳಲ್ಲಿ ನಡೆಯುತ್ತದೆ. ಕಾಲುವೆಯ ಹೆಸರಿನಲ್ಲಿ ತೇರು ಎಳೆಯುವ ಊರು!

ಹಾಗೆಂದು ಅವರನ್ನು ಹೊಗಳಿ ನಮ್ಮವರನ್ನು ತೆಗಳುವ ಲೇಖನ ಇದಲ್ಲ. ಸ್ಕ್ವಿಮ್‌ನಲ್ಲಿ ಕಾಲುವೆ ಕಡಿದ ಮೂರು ವರ್ಷಕ್ಕೆ, 1898ರಲ್ಲಿ, ಮೈಸೂರು ಸಂಸ್ಥಾನ ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರು ಮಾಡಿತು. 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ಬಾಬಾಬುಡನ್ ಗಿರಿಯ ಮಳೆಯನ್ನು ನೆರಳಿನ ನಾಡಿಗೆ ತಂದು ನಿಲ್ಲಿಸುವ ವಿದ್ಯೆ ನಮ್ಮವರಿಗೂ ಗೊತ್ತಿತ್ತು. ವ್ಯತ್ಯಾಸವಿರುವುದು ಪ್ರಕೃತಿ ಕೊಟ್ಟ ಉಗ್ರಾಣದಲ್ಲಿ. ಒಲಿಂಪಿಕ್ ಪರ್ವತದ ಮೇಲೆ ಚಳಿಗಾಲದ ಮಳೆ ಬಹುಪಾಲು ಹಿಮವಾಗಿ ಬಿದ್ದು ಅಲ್ಲಿಯೇ ಕೂರುತ್ತದೆ. ಬೇಸಿಗೆ ಬಂದು ಹೊಲಕ್ಕೆ ನೀರು ಬೇಕಾದಾಗ ಸರಿಯಾಗಿ ಕರಗಿ ಡಂಜನೆಸ್ ನದಿಗೆ ಇಳಿಯುತ್ತದೆ. ಬೀಗ, ಕಾವಲುಗಾರ ಯಾವುದೂ ಬೇಡದ ಜಲಾಶಯ ಅದು. ಹವೆಯೂ ತಂಪಾದ್ದರಿಂದ ನೀರು ಬೇಗ ಆರುವುದಿಲ್ಲ. ನಮ್ಮ ಘಟ್ಟದ ಮೇಲೆ ಹಿಮವಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಸುರಿದದ್ದು ಹರಿದು ಹೋಗುತ್ತದೆ. ಉಳಿದದ್ದನ್ನು ಏಪ್ರಿಲ್ ಬಿಸಿಲು ಕುಡಿಯುತ್ತದೆ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯವೇ ಕೆರೆ. ಚಿತ್ರದುರ್ಗದ ಕೋಟೆ ಹತ್ತಿದವರು ಬಂಡೆಗಳ ನಡುವಿನ ಹೊಂಡಗಳನ್ನು ನೋಡಿಯೇ ಇರುತ್ತಾರೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಬಂಡೆಯ ಮೇಲೆ ಬಿದ್ದ ಹನಿ ಹನಿಯನ್ನೂ ಹಿಡಿದಿಡಲು ಅವನ್ನು ಕಟ್ಟಿದರು. ಹಿಮವಿಲ್ಲದ ನಾಡಿಗೆ ಕೆರೆಯೇ ಹಿಮ. ಒಲಿಂಪಿಕ್ ಪರ್ವತದ ಹಿಮವನ್ನು ಯಾರೂ ಒತ್ತುವರಿ ಮಾಡಲಾರರು, ಅದರೊಳಗೆ ಹೂಳು ತುಂಬುವುದಿಲ್ಲ. ಕೆರೆಗೆ ಆ ಎರಡೂ ಭಯ ಇದೆ. ಅದನ್ನು ಕಾಯಬೇಕಾದವರು ನಾವೇ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಮ್ಮ ಜಿಲ್ಲೆಗೆ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು. ನೀರಿನ ಹಬ್ಬ ಮಾಡುವ ಮನಸ್ಸು ನಮಗೂ ಇದೆ ಎಂಬುದಕ್ಕೆ ಅಷ್ಟು ಸಾಕು.

ಹಿಮವನ್ನೂ ಪೂರ್ತಿ ನಂಬುವಂತಿಲ್ಲ ಎಂಬ ಮಾತನ್ನು ಇಲ್ಲಿ ಸೇರಿಸಬೇಕು. 2015ರ ಚಳಿಗಾಲ ಬೆಚ್ಚಗಾಗಿ ಒಲಿಂಪಿಕ್ ಪರ್ವತಗಳಲ್ಲಿ ಹಿಮ ಕೂಡಲಿಲ್ಲ. ಮಳೆಯಾಗಿ ಬಿದ್ದದ್ದು ಆಗಲೇ ಹರಿದುಹೋಯಿತು. ಆ ಬೇಸಿಗೆಯಲ್ಲಿ ಹೋ ಕಣಿವೆಯ ದಕ್ಷಿಣಕ್ಕಿರುವ ಕ್ವೀಟ್ಸ್ ಕಣಿವೆಯ ಮಳೆಕಾಡಿಗೇ ಬೆಂಕಿ ಬಿದ್ದು 2800 ಎಕರೆ ಸುಟ್ಟಿತು. ಭೂಮಿ ಬಿಸಿಯಾದಂತೆ ಆ ಉಗ್ರಾಣವೂ ತೆಳುವಾಗುತ್ತಿದೆ. ಸ್ಕ್ವಿಮ್‌ನ ರೈತರು ತೆರೆದ ಕಾಲುವೆಗಳ ಬದಲು ಕೊಳವೆ ಹಾಕಿ ನೀರಿನ ಸೋರಿಕೆ ತಡೆಯುತ್ತಿದ್ದಾರೆ. ಅವರ ಲೆಕ್ಕವೂ ನಮ್ಮ ಲೆಕ್ಕದ ಹತ್ತಿರಕ್ಕೆ ಬರುತ್ತಿದೆ ಎನ್ನಬಹುದು.

ಸಂಜೆ ಐದರ ಹೊತ್ತಿಗೆ ಹಿಂದಿರುಗಿದೆವು. ಪುಟ್ಟಿ ಮುಂದಿನ ಸೀಟು ಹಿಡಿದಿದ್ದಳು. ಪೋರ್ಟ್ ಏಂಜಲಿಸ್ ದಾಟಿದ ಮೇಲೆ ಮೊದಲ ಹನಿ ಗಾಜಿಗೆ ಬಿತ್ತು. ಸರೋವರದ ಬಳಿ ಒಂದು, ನಂತರ ಎರಡು. ಫೋರ್ಕ್ಸ್ ಸಮೀಪಿಸುವಾಗ ವೈಪರ್ ಮತ್ತೆ ಬಡಿದುಕೊಳ್ಳತೊಡಗಿತು. ‘ತ್ರೀ! ತಾತ, ತ್ರೀ!’ ಎಂದು ಅವಳು ಕೂಗಿದ ಕೂಗಿಗೆ ಹಿಂದೆ ತೂಕಡಿಸುತ್ತಿದ್ದ ಅಜ್ಜಿ ಬೆಚ್ಚಿಬಿದ್ದಳು. ಬೆಳಿಗ್ಗೆ ಮಳೆ ಬಂತೆಂದು ಅಳುಮುಖ ಮಾಡಿದ್ದ ಮಗು ಸಂಜೆ ಅದೇ ಮಳೆ ಇನ್ನೂ ನಿಂತಿಲ್ಲವೆಂದು ಚಪ್ಪಾಳೆ ತಟ್ಟುತ್ತಿತ್ತು. ಎರಡು ಗೆರೆಗಳೂ ಒಂದರ ಮೇಲೊಂದು ಹೆಚ್ಚುಕಡಿಮೆ ಕೂತವು. ಅಂದಿನ ಮಟ್ಟಿಗಾದರೂ ಅದು ಜಾಗದ ಲೆಕ್ಕವೇ ಆಗಿತ್ತು. ಒಂದು ದಿನದ ಲೆಕ್ಕದಿಂದ ಹವಾಮಾನ ನಿರ್ಧರಿಸಬಾರದು, ವರ್ಷಗಟ್ಟಲೆ ಅಳೆದವರ ಅಂಕಿಗಳ ಜೊತೆ ಹೋಲಿಸಬೇಕು ಎಂದು ಹೇಳಿಯೇ ನಾನು ಆ ಹಾಳೆಗೆ ಸಹಿ ಹಾಕಿದೆ.

ಪಾಲಕರಿಗೆ ಒಂದು ಮಾತು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ನಾವು ಜಾಗಗಳ ಪಟ್ಟಿ ಹಿಡಿದು ಹೊರಡುತ್ತೇವೆ. ಒಂದು ತಪ್ಪಿದರೆ ದುಡ್ಡು ದಂಡವೆಂದು ಕೊರಗುತ್ತೇವೆ. ನಮ್ಮ ಕೊರಗನ್ನು ನೋಡಿ ಮಕ್ಕಳೂ ಕೊರಗುವುದನ್ನು ಕಲಿಯುತ್ತವೆ. ಮಳೆಗೆ ಒಂದು ನೋಟ್‌ಬುಕ್ ಕೊಟ್ಟು ನೋಡಿ. ಇದಕ್ಕೆ ಅಮೆರಿಕ ಬೇಕಿಲ್ಲ, ಮೋಟರ್‌ಹೋಮೂ ಬೇಕಿಲ್ಲ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೇಲೆ ಚಿತ್ರದುರ್ಗಕ್ಕೆ ಬರುವ ಬಸ್ಸಿನ ಮುಂದಿನ ಸೀಟು ಸಿಕ್ಕರೆ ಸಾಕು. ಅದೂ ಆಗದಿದ್ದರೆ, ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ಲೋಟವನ್ನು ಅಂಗಳದ ಬಯಲಿನಲ್ಲಿ ಮಟ್ಟವಾಗಿ ಇಟ್ಟು, ಬೆಳಿಗ್ಗೆ ಸ್ಕೇಲು ಇಳಿಬಿಟ್ಟು ಅಳೆಯಿರಿ. ಲೋಟದ ಬಾಯಿ ಎಷ್ಟೇ ಅಗಲವಿದ್ದರೂ ಮಿಲಿಮೀಟರ್ ಒಂದೇ ಬರುತ್ತದೆ. ಏಕೆ ಎಂಬುದನ್ನು ಮಕ್ಕಳೇ ಯೋಚಿಸಲಿ.

ಆ ಜೂನ್‌ನಲ್ಲಿ ಶಾಲೆ ತೆರೆದಾಗ ಪುಟ್ಟಿಯ ಹಾಳೆಯ ನಕಲನ್ನು ತರಗತಿಯಲ್ಲಿ ತೂಗುಹಾಕಿದೆ. ನಮ್ಮ ಮಕ್ಕಳು ಲೋಟ ಇಟ್ಟರು. ಕೆಲವು ದಿನ ಮೂರು ಮಿಲಿಮೀಟರ್, ಬಹಳ ದಿನ ಸೊನ್ನೆ. ಸೊನ್ನೆಯನ್ನೂ ಬರೆಯಬೇಕು ಎಂದು ಹೇಳಿದ್ದೆ, ಬರೆದರು. ಲೆಕ್ಕ ಇಡುತ್ತಾ ಇಡುತ್ತಾ ಅವರ ಕಣ್ಣು ಊರ ಕೆರೆಯ ಏರಿಯ ಕಡೆಗೂ ಹೋಯಿತು. ತೂಬಿನ ಮೆಟ್ಟಿಲು ಎಷ್ಟು ಮುಳುಗಿದೆ ಎಂದು ಎಣಿಸಿ ಬರೆಯುವ ಗುಂಪೊಂದು ಹುಟ್ಟಿಕೊಂಡಿತು. ಪುಟ್ಟಿ ಈಗಲೂ ಕೆಲವು ಭಾನುವಾರ ಫೋನು ಮಾಡುತ್ತಾಳೆ. ಆರೋಗ್ಯ, ಊಟ ಎಲ್ಲ ವಿಚಾರಿಸಿದ ಮೇಲೆ ಅವಳ ಪ್ರಶ್ನೆ ಒಂದು ಇದ್ದೇ ಇರುತ್ತದೆ: ‘ತಾತ, ನಿಮ್ಮ ಕೆರೆಗೆ ಎಷ್ಟು ಮೆಟ್ಟಿಲು ನೀರು ಬಂತು?’